ಮೊಣಕಾಲಿನ ಕಸರತ್ತು

ಜನವರಿ ಮೊದಲ ವಾರದ ಜಿಮ್ಮಿಗೂ ಶುಭ ಶುಕ್ರವಾರದ ಚರ್ಚಿಗೂ ನೆಂಟಸ್ತಿಕೆ ಇದೆ. ಎರಡರಲ್ಲೂ ನಿಲ್ಲಲು ಜಾಗ ಸಿಗುವುದಿಲ್ಲ. ಅಲ್ಲಿ ಹೊಸ ಬೂಟು, ಬೆವರು ಕಾಣದ ಟವೆಲು, ವರ್ಷದ ಫೀಸನ್ನು ಒಂದೇ ಕಂತಿನಲ್ಲಿ ಕಟ್ಟಿದವರ ಹುರುಪು. ಇಲ್ಲಿ ಬಿಳಿ ಸೀರೆ, ಬೀರುವಿನಿಂದ ಈಚೆ ಬಂದ ಸತ್ಯವೇದ, ಶಿಲುಬೆಯ ಏಳು ಮಾತುಗಳ ಮೇಲೆ ಮೂರು ಗಂಟೆಯ ಆರಾಧನೆ. ಮಾರ್ಚ್ ಹೊತ್ತಿಗೆ ಟ್ರೆಡ್‌ಮಿಲ್ಲುಗಳು ಖಾಲಿ ಬೀಳುತ್ತವೆ. ಈಸ್ಟರ್ ಕಳೆದ ಎರಡನೇ ಭಾನುವಾರಕ್ಕೆ ಹಿಂದಿನ ಬೆಂಚುಗಳು. ಜಿಮ್ಮಿನ ಮಾಲೀಕನಿಗೆ ಮನುಷ್ಯಸ್ವಭಾವ ಗೊತ್ತು, ಅದಕ್ಕೇ ದುಡ್ಡನ್ನು ಮುಂಗಡವಾಗಿ ಇಸಿದುಕೊಳ್ಳುತ್ತಾನೆ. ಸಭಾಪಾಲಕರಿಗೂ ಗೊತ್ತು, ಪಾಪ, ಅವರಿಗೆ ಆ ಅನುಕೂಲವಿಲ್ಲ.

ಈಚೆಗೆ ಪ್ರಸಂಗಗಳಲ್ಲೂ ಜಿಮ್ಮಿನ ಮಾತು ಜಾಸ್ತಿಯಾಗಿದೆ. ಯುವಜನರ ಕೂಟಕ್ಕೆ ಬಂದ ಬೋಧಕರೊಬ್ಬರು ಪ್ರಾರ್ಥನೆಯನ್ನು ಕಾರ್ಡಿಯೋ ಎಂದರು, ವೇದಪಠಣವನ್ನು ಪ್ರೋಟೀನ್ ಎಂದರು. ಕಾಣಿಕೆಯನ್ನು ವೆಯ್ಟ್ ಲಾಸ್ ಎನ್ನುತ್ತಾರೇನೋ ಎಂದು ಕಾದೆ, ಅಲ್ಲಿಯವರೆಗೆ ಹೋಗಲಿಲ್ಲ. ಹುಡುಗರು ಚಪ್ಪಾಳೆ ತಟ್ಟಿದರು. ಪಕ್ಕದಲ್ಲಿದ್ದ ಹಿರಿಯರು ಮಾತ್ರ ಮುಖ ಗಂಟು ಹಾಕಿಕೊಂಡು, "ದೇವರ ಆಲಯದಲ್ಲಿ ಗರಡಿ ಮನೆ ಮಾತೇನಪ್ಪಾ ಇದು" ಅಂದರು. ಅವರ ಸಿಟ್ಟು ಪೂರ್ತಿ ನ್ಯಾಯವಲ್ಲ. ಗರಡಿಯ ಮಾತನ್ನು ಮೊದಲು ಒಳಗೆ ತಂದವನು ಅಪೊಸ್ತಲ ಪೌಲನೇ.

ಪೌಲ ಕ್ರಿ.ಶ. 50ರ ಆಸುಪಾಸಿನಲ್ಲಿ ಕೊರಿಂಥಕ್ಕೆ ಬಂದು ಒಂದೂವರೆ ವರ್ಷ ನಿಂತ. ಅಕ್ವಿಲ, ಪ್ರಿಸ್ಕಿಲ್ಲ ಎಂಬ ದಂಪತಿಯ ಜೊತೆ ಗುಡಾರ ಕಟ್ಟುವ ಕಸುಬು ಮಾಡಿ ಹೊಟ್ಟೆ ಹೊರೆದ. ಊರಿಗೆ ಸಮೀಪದಲ್ಲೇ, ಇಸ್ತಮಿಯದಲ್ಲಿ, ಎರಡು ವರ್ಷಕ್ಕೊಮ್ಮೆ ದೊಡ್ಡ ಕ್ರೀಡಾಕೂಟ ನಡೆಯುತ್ತಿತ್ತು. ದೂರದೂರದಿಂದ ಜನ ಬಂದು ಬೀಡುಬಿಡುವ ಕಡೆ ಗುಡಾರದವನಿಗೆ ಕೈತುಂಬ ಕೆಲಸವಿದ್ದಿರಬೇಕು, ಅದು ನನ್ನ ಊಹೆ. ಗೆದ್ದವನ ತಲೆಗೆ ಪೈನ್ ಎಲೆಯ ಕಿರೀಟ, ಇಲ್ಲವೇ ಸೆಲರಿ ಸೊಪ್ಪಿನದು. ಸೆಲರಿ ಎಂದರೆ ನಮ್ಮ ಕೊತ್ತಂಬರಿಯ ದಾಯಾದಿ. ಪೌಲನ ಪತ್ರಿಕೆಯಲ್ಲಿ ಬಾಡುವ ಕಿರೀಟದ ಮಾತು ಬಂದಾಗ ಕೊರಿಂಥದವರಿಗೆ ವ್ಯಾಖ್ಯಾನ ಬೇಕಿರಲಿಲ್ಲ. ಅದೇ ಉಸಿರಿನಲ್ಲಿ ಅವನು ಓಟಗಾರನ ಪಥ್ಯವನ್ನೂ, ಗಾಳಿಗೆ ಗುದ್ದಿ ದಣಿಯದ ಮುಷ್ಟಿಕಾಳಗದವನನ್ನೂ ತರುತ್ತಾನೆ. ತಿಮೊಥೆಯನಿಗೆ ಬರೆದ ಮೊದಲ ಪತ್ರಿಕೆಯಲ್ಲಿ ಮೈ ಪಳಗಿಸುವುದಕ್ಕಿಂತ ಭಕ್ತಿಯಲ್ಲಿ ಪಳಗುವುದು ಹೆಚ್ಚಿನದು ಎಂಬ ಅರ್ಥದ ಮಾತಿದೆ. ಜಿಮ್ಮಿಗೆ ಹೋಗಲು ಮನಸ್ಸಿಲ್ಲದ ಕ್ರೈಸ್ತರಿಗೆ ಇದು ಬಾಯಿಪಾಠ. ಮಾತಿನ ಎರಡನೇ ಅರ್ಧವನ್ನೂ ಮನಸ್ಸಿಗೆ ತೆಗೆದುಕೊಂಡಿದ್ದರೆ ಇನ್ನಷ್ಟು ಬೆವರಬೇಕಾಗುತ್ತಿತ್ತು.

ನಾನು ಹೋಗುವ ಜಿಮ್ಮಿನ ಟ್ರೇನರ್ ಹುಡುಗ ಬೈಬಲ್ ಓದಿದವನಲ್ಲ. ಆದರೆ ಹೊಸದಾಗಿ ಬಂದು ದೊಡ್ಡ ಡಂಬೆಲ್‌ಗೆ ಕೈಹಾಕುವವರನ್ನು ತಡೆಯುವ ರೀತಿಯಲ್ಲಿ ಒಳ್ಳೆಯ ಪಾದ್ರಿಯ ಗುಣವಿದೆ. "ಅಂಕಲ್, ತೂಕ ಆಮೇಲೆ. ಮೊದಲು ದಿನಾ ಬನ್ನಿ." ಇದರ ಹಿಂದೆ ಶರೀರಶಾಸ್ತ್ರವಿದೆ. ಮೊದಲ ಕೆಲವು ವಾರ ನಮ್ಮ ಬಲ ಹೆಚ್ಚುತ್ತದಲ್ಲ, ಅದು ಬಹುಮಟ್ಟಿಗೆ ಸ್ನಾಯು ದಪ್ಪಗಾದುದರಿಂದ ಬರುವುದಿಲ್ಲ. ಇದ್ದ ಸ್ನಾಯುವನ್ನೇ ಒಟ್ಟಾಗಿ ಕೆಲಸಕ್ಕೆ ಎಬ್ಬಿಸುವುದನ್ನು ನರಗಳು ಕಲಿತಿರುತ್ತವೆ. ಕನ್ನಡಿಗೆ ಇದು ಕಾಣುವುದಿಲ್ಲ. ಕನ್ನಡಿ ನೋಡಿ ನೋಡಿ ಬೇಸತ್ತವರು ಜಿಮ್ ಬಿಡುವುದು ಸರಿಯಾಗಿ ಆ ದಿನಗಳಲ್ಲೇ, ಒಳಗೆ ಕೆಲಸ ನಡೆಯುತ್ತಿರುವಾಗ. ಇನ್ನೊಂದು ಸಂಗತಿ: ಭಾರ ಎತ್ತುವಾಗ ಸ್ನಾಯು ಬೆಳೆಯುವುದಿಲ್ಲ, ಎತ್ತಿಟ್ಟು ಉಂಡು ನಿದ್ದೆ ಮಾಡಿದ ಮೇಲೆ ಬೆಳೆಯುತ್ತದೆ. ರಜೆಯಿಲ್ಲದ ಸಾಧನೆ ಪೆಟ್ಟಿಗೆ ದಾರಿ. ಏಳು ದಿನಕ್ಕೊಂದು ಸಬ್ಬತ್ತನ್ನು ಆಜ್ಞೆಯಾಗಿಯೇ ಕೊಟ್ಟ ಧರ್ಮದವರಿಗೆ ಇದನ್ನು ಜಿಮ್ಮಿನ ಹುಡುಗ ಹೇಳಿಕೊಡಬೇಕಾಗಿ ಬಂದದ್ದು ತಮಾಷೆ.

ಈ ವಿದ್ಯೆಯನ್ನು ಪ್ರಾರ್ಥನೆಗೆ ಹೊಂದಿಸಿ ಅಚ್ಚುಕಟ್ಟಾಗಿ ಬರೆದಿಟ್ಟವನು ಸ್ಪೇನಿನ ಒಬ್ಬ ಯೋಧ. 1521ರಲ್ಲಿ ಪಂಪ್ಲೋನ ಕೋಟೆಯ ಕಾಳಗದಲ್ಲಿ ಫಿರಂಗಿ ಗುಂಡು ಬಡಿದು ಲೊಯೋಲದ ಇಗ್ನೇಷಿಯಸ್‌ನ ಕಾಲು ಮುರಿಯಿತು. ಕೂಡಿಕೊಂಡ ಮೂಳೆ ಒಂದು ಕಡೆ ಉಬ್ಬಿತ್ತು. ಬಿಗಿಯಾದ ಬೂಟು ಹಾಕಿದರೆ ಚೆಂದ ಕಾಣದು ಎಂದು ಆ ಉಬ್ಬನ್ನು ಗರಗಸದಿಂದ ಕೊಯ್ಯಿಸಿಕೊಂಡ, ಅರಿವಳಿಕೆ ಇಲ್ಲದ ಕಾಲದಲ್ಲಿ. ಇಂದಿನ ಯಾವ ಬಾಡಿಬಿಲ್ಡರನಿಗೂ ಕನ್ನಡಿಯ ಮೋಹ ಇಷ್ಟಿರಲಾರದು. ಹಾಸಿಗೆ ಹಿಡಿದಿದ್ದಾಗ ಓದಲು ಶೂರರ ಕಥೆ ಬೇಕೆಂದ. ಮನೆಯಲ್ಲಿದ್ದದ್ದು ಕ್ರಿಸ್ತನ ಮತ್ತು ಸಂತರ ಚರಿತ್ರೆ. ಅದನ್ನೇ ಓದಿ ಎದ್ದವನು ಬೇರೆ ಮನುಷ್ಯನಾಗಿದ್ದ. ಮರುವರ್ಷ ಮನ್ರೇಸ ಎಂಬ ಊರಿನಲ್ಲಿ ಅವನು ಬರೆಯಲು ಹಿಡಿದ ಟಿಪ್ಪಣಿಗಳೇ ಬೆಳೆದು 'ಆಧ್ಯಾತ್ಮಿಕ ಸಾಧನೆಗಳು' ಎಂಬ ಪುಸ್ತಕವಾಗಿ 1548ರಲ್ಲಿ ಪೋಪ್ ಮೂರನೇ ಪೌಲರ ಒಪ್ಪಿಗೆ ಪಡೆಯಿತು. ನಡಿಗೆ, ಓಟ ದೇಹಕ್ಕೆ ಹೇಗೋ ಇವು ಆತ್ಮಕ್ಕೆ ಹಾಗೆ ಎಂದು ಮೊದಲ ಟಿಪ್ಪಣಿಯಲ್ಲೇ ಹೇಳಿಬಿಡುತ್ತಾನೆ.

ಓದಿ ಸುಖಪಡುವ ಪುಸ್ತಕವಲ್ಲ ಅದು. ವ್ಯಾಯಾಮದ ಕೈಪಿಡಿಯನ್ನು ಯಾರು ತಾನೇ ಸುಖಕ್ಕೆ ಓದುತ್ತಾರೆ? ನನಗೆ ಅದರಲ್ಲಿ ತುಂಬ ಹಿಡಿಸಿದ್ದು ಒಂದು ಪಟ್ಟಿ. ವಾರದ ಒಂದೊಂದು ದಿನಕ್ಕೆ ಜೋಡಿ ಗೆರೆ. ಒಂದೇ ಒಂದು ದೋಷ ಆರಿಸಿಕೊಳ್ಳಬೇಕು, ಸಿಟ್ಟು ಅನ್ನಿ, ಹೊಟ್ಟೆಕಿಚ್ಚು ಅನ್ನಿ. ಮಧ್ಯಾಹ್ನ ಒಮ್ಮೆ, ರಾತ್ರಿ ಒಮ್ಮೆ ನಿಂತು, ಎಷ್ಟು ಸಲ ಜಾರಿದೆನೋ ಅಷ್ಟು ಚುಕ್ಕೆ ಇಡಬೇಕು. ಭಾನುವಾರದ ಗೆರೆ ಉದ್ದ, ಸೋಮವಾರದ್ದು ಅದಕ್ಕಿಂತ ಗಿಡ್ಡ, ಹೀಗೆ ಶನಿವಾರದ ಹೊತ್ತಿಗೆ ಚುಕ್ಕೆ ಇಡಲು ಜಾಗವೇ ಕಡಿಮೆ. ಸೈನಿಕನ ಆಶಾವಾದ! ಜಿಮ್ಮಿನ ಡೈರಿಯಲ್ಲಿ ಅಂಕಿ ಏರಬೇಕು, ಇಲ್ಲಿ ಇಳಿಯಬೇಕು. ಸಕಲ ಪಾಪಗಳನ್ನೂ ಒಟ್ಟಿಗೆ ಗುಡಿಸಿಹಾಕುವ ನಮ್ಮ ವರ್ಷಾಂತ್ಯದ ತೀರ್ಮಾನಗಳಿಗಿಂತ ಒಂದು ವಾರ, ಒಂದು ದೋಷ ಎಂಬ ಈ ಲೆಕ್ಕ ಎಷ್ಟೋ ವಿವೇಕದ್ದು. ದಿನವೂ ಎಲ್ಲ ಅಂಗಗಳನ್ನೂ ದಣಿಸಿಕೊಳ್ಳುವವನು ಯಾವ ಅಂಗವನ್ನೂ ಬೆಳೆಸಲಾರ.

ಪ್ರಾರ್ಥನೆ ಒಣಗಿದ ದಿನದ ಬಗ್ಗೆಯೂ ಅವನಲ್ಲಿ ಒಂದು ಕಟ್ಟಳೆ ಇದೆ. ಒಂದು ಗಂಟೆ ಎಂದು ಕೂತಿದ್ದರೆ, ಮನಸ್ಸು ಎದ್ದು ಹೋಗೋಣ ಎನ್ನುವ ದಿನ ಗಂಟೆಗಿಂತ ತುಸು ಹೆಚ್ಚೇ ಕೂರಬೇಕು. ಟ್ರೇನರ್ ಹುಡುಗನ "ಇನ್ನೊಂದು ಅಂಕಲ್, ಇನ್ನೊಂದೇ" ಇದಕ್ಕಿಂತ ಬೇರೆಯಲ್ಲ. ನಮ್ಮ ಪ್ರಾರ್ಥನಾಕೂಟಗಳಲ್ಲಿ ಅಭಿಷೇಕ, ಆವೇಶ, ಕಣ್ಣೀರಿನ ಮಾತೇ ಹೆಚ್ಚು. ಏನೂ ಅನ್ನಿಸದ ಮಂಗಳವಾರ ಬೆಳಿಗ್ಗೆ ಏನು ಮಾಡಬೇಕೆಂದು ಹೇಳುವವರು ಕಡಿಮೆ. ಇಗ್ನೇಷಿಯಸ್ ಬರೆದದ್ದು ಆ ಮಂಗಳವಾರಕ್ಕಾಗಿ. ಜೊತೆಗೆ ಅತಿಯ ಪರಿಣಾಮವೂ ಅವನಿಗೆ ಮೈಮೇಲೆ ಗೊತ್ತಿತ್ತು. ಮನ್ರೇಸದ ಉಪವಾಸಗಳು ಹೊಟ್ಟೆಯನ್ನು ಕೆಡಿಸಿ ಕೊನೆತನಕ ಕಾಡಿದವು. ಮುಂದೆ ಫ್ರಾನ್ಸಿಸ್ ಬೋರ್ಜಿಯ ಎಂಬ ಶ್ರೀಮಂತ ಶಿಷ್ಯ ಮೈಯನ್ನು ದಂಡಿಸತೊಡಗಿದಾಗ, ಸಾಧನೆಯ ಹೊತ್ತನ್ನು ಅರ್ಧಕ್ಕಿಳಿಸು, ಉಪವಾಸದಿಂದ ಹೊಟ್ಟೆ ಕೆಡಿಸಿಕೊಳ್ಳದೆ ಅದನ್ನು ಗಟ್ಟಿ ಮಾಡಿಕೋ ಎಂಬ ಅರ್ಥದ ಕಾಗದ ಬರೆದ. 1880ರಲ್ಲಿ ಮಂಗಳೂರಿನಲ್ಲಿ ಸಂತ ಅಲೋಶಿಯಸ್ ಕಾಲೇಜು ಕಟ್ಟಿದ ಯೇಸುಸಭೆಯವರು ಇವನ ಪರಂಪರೆಯವರು. ಅವರು ಈಗಲೂ ವರ್ಷಕ್ಕೆ ಎಂಟು ದಿನ ಮೌನದಲ್ಲಿ ಕೂತು ಈ ಕಸರತ್ತನ್ನು ಮಾಡುತ್ತಾರೆ.

ನಾವು ಪ್ರಾಟೆಸ್ಟಂಟರೂ ಹಿಂದೆ ಬಿದ್ದವರಲ್ಲ. ಮೈಸೂರು ಸೀಮೆಯ ನಮ್ಮ ಸಭೆಗಳನ್ನು ನೆಟ್ಟ ವೆಸ್ಲಿಯನ್ ಮಿಷನ್ನಿನ ಮೂಲಪುರುಷ ಜಾನ್ ವೆಸ್ಲಿ ಬೆಳಗಿನ ಜಾವ ನಾಲ್ಕಕ್ಕೆ ಏಳುವವನು. ಆಕ್ಸ್‌ಫರ್ಡಿನಲ್ಲಿ ಅವನ ಗುಂಪಿನ ಶಿಸ್ತನ್ನು ಗೇಲಿ ಮಾಡಿದ ಹೆಸರೇ ಮೆಥಡಿಸ್ಟ್. ಲಂಡನ್ನಿನ ಸಿಟಿ ರೋಡಿನ ಅವನ ಮನೆಯಲ್ಲಿ ಒಂದು ಸ್ಪ್ರಿಂಗ್ ಪೀಠವಿತ್ತು. ಕುದುರೆ ಸವಾರಿ ಆಗದ ದಿನ ಅದರ ಮೇಲೆ ಕೂತು ಮೇಲಕ್ಕೂ ಕೆಳಕ್ಕೂ ಕುಪ್ಪಳಿಸುವುದು. 18ನೇ ಶತಮಾನದ ಎಕ್ಸರ್‌ಸೈಸ್ ಸೈಕಲ್ ಅನ್ನಬಹುದು. ಆ ಗಂಭೀರ ಮನುಷ್ಯ ನಿಲುವಂಗಿ ಹಾಕಿಕೊಂಡು ಕುಪ್ಪಳಿಸುವುದನ್ನು ನೆನೆದಾಗಲೆಲ್ಲ ನನಗೆ ಅವನ ಮೇಲಿನ ಪ್ರೀತಿ ಹೆಚ್ಚುತ್ತದೆ.

ಇಷ್ಟರ ಮೇಲೂ ಜಿಮ್ಮಿನಿಂದ ಚರ್ಚಿಗೆ ತರಬಾರದ ಎರಡು ವಸ್ತುಗಳಿವೆ. ಒಂದು ಲೆಕ್ಕ, ಇನ್ನೊಂದು ಕನ್ನಡಿ. ಇಗ್ನೇಷಿಯಸ್‌ನ ಚುಕ್ಕೆಗಳು ಸೋಲಿನ ಲೆಕ್ಕವಾದ್ದರಿಂದ ಅಪಾಯವಿಲ್ಲ, ಸೋಲನ್ನು ಯಾರೂ ಊರಿಗೆ ತೋರಿಸಿಕೊಂಡು ತಿರುಗುವುದಿಲ್ಲ. ಗೆಲುವಿನ ಲೆಕ್ಕದ ಕತೆ ಬೇರೆ. ಐದನೇ ಶತಮಾನದಲ್ಲಿ ಸಿರಿಯಾದ ಅಲೆಪ್ಪೊ ಕಡೆ ಸಿಮೆಯೋನನೆಂಬ ತಪಸ್ವಿ ಕಂಬದ ಮೇಲೆ ಮೂರು ದಶಕಕ್ಕೂ ಹೆಚ್ಚು ಕಾಲ ಬದುಕಿದ. ಪ್ರಾರ್ಥಿಸುವಾಗ ಹಣೆ ಪಾದಕ್ಕೆ ತಾಗುವಂತೆ ಬಗ್ಗಿ ಏಳುತ್ತಿದ್ದ. ನೋಡಲು ಹೋದ ಥಿಯೊಡೊರೆಟ್ ಎಂಬ ಬಿಷಪ್ ಬರೆದಿಟ್ಟಿದ್ದಾನೆ: ಜೊತೆಗೆ ಬಂದವನೊಬ್ಬ ಎಣಿಸುತ್ತ ಹೋಗಿ, 1244 ಆದಮೇಲೆ ತನಗೇ ಸಾಕಾಗಿ ಬಿಟ್ಟನಂತೆ. ಎಣಿಸಿದವನು ಕೆಳಗೆ ನಿಂತಿದ್ದವನು ಎಂಬುದನ್ನು ಗಮನಿಸಬೇಕು. ಮೇಲಿದ್ದವನು ಬಗ್ಗಿ ಏಳುವುದರಲ್ಲಿದ್ದ. ಈಗ ಮೊಬೈಲಿನ ಬೈಬಲ್ ಆಪ್ ನಾವು ಸತತವಾಗಿ ಎಷ್ಟು ದಿನ ಓದಿದೆವೆಂದು ಎಣಿಸಿ ಪದಕ ಕೊಡುತ್ತದೆ. ಸರಣಿ ಮುರಿಯಬಾರದೆಂದು ರಾತ್ರಿ ಹನ್ನೊಂದೂ ಐವತ್ತೈದಕ್ಕೆ ಯಾಜಕಕಾಂಡದ ಮೇಲೆ ಬೆರಳಾಡಿಸುವವರು ನನ್ನ ಬಳಗದಲ್ಲೇ ಇದ್ದಾರೆ. ಅವರು ಅದರ ಚಿತ್ರವನ್ನು ಸಭೆಯ ವಾಟ್ಸಾಪ್ ಗುಂಪಿಗೂ ಹಾಕುತ್ತಾರೆ, ಅಲ್ಲಿಗೆ ಕನ್ನಡಿಯೂ ಬಂತು. ಉಪವಾಸ ಮಾಡಿದ ದಿನ ಮುಖ ತೊಳೆದು ತಲೆಗೆ ಎಣ್ಣೆ ಹಚ್ಚಿಕೊಂಡು, ಯಾರಿಗೂ ಗೊತ್ತಾಗದ ಹಾಗಿರಬೇಕೆಂದು ಬೆಟ್ಟದ ಮೇಲೆ ಬೋಧಿಸಿದವನು ಗೋಡೆತುಂಬ ಕನ್ನಡಿಯಿರುವ ವ್ಯಾಯಾಮಶಾಲೆಯನ್ನು ಒಪ್ಪುತ್ತಿರಲಿಲ್ಲ.

ಇನ್ನೂ ದೊಡ್ಡ ತೊಡಕೊಂದಿದೆ. ಸ್ನಾಯು ಕೂಲಿ ಲೆಕ್ಕದ್ದು, ಬೆವರಿದಷ್ಟು ಬಟವಾಡೆ. ಕೃಪೆ ಆ ಲೆಕ್ಕಕ್ಕೆ ಸಿಗುವುದಿಲ್ಲ. ದ್ರಾಕ್ಷಿತೋಟದ ಸಾಮ್ಯದಲ್ಲಿ ಸಂಜೆ ಐದಕ್ಕೆ ಬಂದ ಆಳಿಗೂ ಬೆಳಿಗ್ಗೆಯಿಂದ ಬಿಸಿಲಲ್ಲಿ ಬೆಂದವನಿಗೂ ಒಂದೇ ನಾಣ್ಯ. ಜಿಮ್ಮಿನಲ್ಲಿ ಹೀಗೆ ನಡೆದರೆ ದೊಂಬಿಯಾಗುತ್ತದೆ. ಹಾಗಿದ್ದರೆ ದಿನದಿನದ ಸಾಧನೆ ಯಾಕೆ? ನನಗೆ ತೋಚುವ ಉತ್ತರ ನಮ್ಮ ದೊಡ್ಡಮ್ಮ. ಮೊಣಕಾಲಿನ ಸವಕಲು ಎಲುಬಿನಿಂದ ಅವರಿಗೆ ನೆಲಕ್ಕೆ ಊರಲು ಆಗದಾದಾಗ ಡಾಕ್ಟರ ಮೇಲಲ್ಲ, ಕುರ್ಚಿಯ ಮೇಲೆ ಸಿಟ್ಟು ಬಂದಿತ್ತು: "ಕುರ್ಚೀಲಿ ಕೂತು ಪ್ರಾರ್ಥನೆ ಮಾಡೋಕೆ ನಾನೇನು ಅಮಲ್ದಾರಳೇ?" ಆಮೇಲೆ ಕೂತೇ ಮಾಡಿದರು. ಮಕ್ಕಳು, ಮೊಮ್ಮಕ್ಕಳು, ಬೀದಿಯ ಹಾಲಿನವನು, ಕಂಬ ಹತ್ತುವ ಲೈನ್‌ಮನ್, ಎಲ್ಲರ ಹೆಸರೂ ಒಂದೇ ಕ್ರಮದಲ್ಲಿ ಪ್ರತಿ ರಾತ್ರಿ. ಕೊನೆಕೊನೆಗೆ ಮರೆವು ಬಂದು ಎದುರಿಗೆ ನಿಂತ ಮಗನನ್ನೇ "ಯಾರಪ್ಪಾ ನೀನು" ಎಂದು ಕೇಳುತ್ತಿದ್ದರು. ಅದೇ ರಾತ್ರಿಯ ಪ್ರಾರ್ಥನೆಯಲ್ಲಿ ಅವನ ಹೆಸರು ಅದರ ಜಾಗದಲ್ಲಿ ಸರಿಯಾಗಿ ಬರುತ್ತಿತ್ತು. ಅವರೇನೂ ಗಳಿಸಲು ಕೂತವರಲ್ಲ.

ಓಟ, ಭಕ್ತಿ ಎರಡನ್ನೂ ಒಟ್ಟಿಗೆ ಹೇಳುವವರು ಕೊನೆಗೆ ಎರಿಕ್ ಲಿಡೆಲ್‌ನ ಹತ್ತಿರ ಬಂದೇ ಬರುತ್ತಾರೆ. ಚೀನಾದಲ್ಲಿ ಮಿಷನರಿಗಳ ಮಗನಾಗಿ ಹುಟ್ಟಿದ ಸ್ಕಾಟ್ ಓಟಗಾರ. 1924ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ 100 ಮೀಟರ್ ಓಟದ ಹೀಟ್ಸ್ ಭಾನುವಾರ ಬಿತ್ತೆಂದು ಓಡಲಿಲ್ಲ. 400 ಮೀಟರ್ ಓಡಿ 47.6 ಸೆಕೆಂಡಿಗೆ ಚಿನ್ನ ಗೆದ್ದ. (ಅದೇ ಕೂಟಕ್ಕೆ ಭಾರತದ ತಂಡದೊಡನೆ ಹೋದವರು ಹ್ಯಾರಿ ಬಕ್. 1920ರಲ್ಲಿ ಮದರಾಸಿನ ವೈ.ಎಂ.ಸಿ.ಎ.ಯಲ್ಲಿ ದೈಹಿಕ ಶಿಕ್ಷಣದ ಶಾಲೆ ತೆರೆದು ದಕ್ಷಿಣದ ಡ್ರಿಲ್ ಮಾಸ್ತರರ ಒಂದು ಪೀಳಿಗೆಯನ್ನೇ ತಯಾರು ಮಾಡಿದವರು.) 1981ರ 'ಚಾರಿಯಟ್ಸ್ ಆಫ್ ಫೈರ್' ಸಿನಿಮಾದಲ್ಲಿ ಲಿಡೆಲ್‌ಗೆ ಭಾನುವಾರದ ವಿಷಯ ಗೊತ್ತಾಗುವುದು ಹಡಗು ಹತ್ತುವಾಗ. ನಿಜವಾಗಿ ಅದು ತಿಂಗಳುಗಳ ಮೊದಲೇ ಗೊತ್ತಿತ್ತು, ಆ ತಿಂಗಳುಗಳನ್ನು ಅವನು 400 ಮೀಟರಿನ ಅಭ್ಯಾಸಕ್ಕೆ ಬಳಸಿದ. ಸಿನಿಮಾಕ್ಕೆ ಹಡಗು ಬೇಕು, ಅಭ್ಯಾಸವನ್ನು ಕಾಸು ಕೊಟ್ಟು ಯಾರು ನೋಡುತ್ತಾರೆ?

ಒಲಿಂಪಿಕ್ಸ್‌ನ ಮರುವರ್ಷ ಲಿಡೆಲ್ ಮಿಷನರಿಯಾಗಿ ಚೀನಾಕ್ಕೆ ಹಿಂದಿರುಗಿದ. 1943ರಲ್ಲಿ ಜಪಾನೀಯರು ಅವನನ್ನು ವೆಯ್‌ಶಿಯೆನ್ ಎಂಬಲ್ಲಿನ ಬಂಧನ ಶಿಬಿರಕ್ಕೆ ಹಾಕಿದರು. ಅಲ್ಲಿ ಮಕ್ಕಳಿಗೆ ಪಾಠ, ಆಟ ಎರಡೂ ಅವನದೇ ಉಸ್ತುವಾರಿ. ಭಾನುವಾರ ಮಾತ್ರ ಆಟವಿಲ್ಲ. ಮಕ್ಕಳು ಕೇಳದೆ ತಾವೇ ಹಾಕಿ ಆಡಲು ಹೋಗಿ, ರೆಫರಿ ಇಲ್ಲದೆ ಹೊಡೆದಾಡಿಕೊಂಡರು. ಮುಂದಿನ ಭಾನುವಾರ ರೆಫರಿಯಾಗಿ ಮೈದಾನಕ್ಕೆ ಇಳಿದವನು ಲಿಡೆಲ್. ಒಲಿಂಪಿಕ್ಸ್‌ಗೆ ಸಡಿಲಿಸದ ಕಟ್ಟನ್ನು ಜಗಳವಾಡುವ ಹುಡುಗರಿಗಾಗಿ ಸಡಿಲಿಸಿದ. 1945ರ ಫೆಬ್ರವರಿಯಲ್ಲಿ ಮೆದುಳಿನ ಗೆಡ್ಡೆಯಿಂದ ಆ ಶಿಬಿರದಲ್ಲೇ ತೀರಿಕೊಂಡ.

ಬೆಂಗಳೂರಿನ ರಸ್ತೆ ಓಟಗಳೆಲ್ಲ ಹೆಚ್ಚಾಗಿ ಭಾನುವಾರ ಬೆಳಿಗ್ಗೆಯೇ. ಹತ್ತು ಕಿಲೋಮೀಟರಿನ ಓಟ ಬಂತೆಂದರೆ ನಮ್ಮ ಸಭೆಯಲ್ಲಿ ಎರಡು ಪಕ್ಷ. ಓಡಬಾರದೆನ್ನುವವರು ಪ್ಯಾರಿಸ್ಸಿನ ಲಿಡೆಲ್‌ನನ್ನು ಸಾಕ್ಷಿಗೆ ಕರೆಯುತ್ತಾರೆ, ಓಡುವವರು ವೆಯ್‌ಶಿಯೆನ್‌ನ ಲಿಡೆಲ್‌ನನ್ನು. ಕಳೆದ ಸಲ ನಮ್ಮ ಅಯ್ಯನವರು ಎರಡೂ ಕಡೆಯ ವಾದ ಕೇಳಿ, "ಓಡಿ ಬನ್ನಿ, ಸಂಜೆ ಆರಾಧನೆ ಇದ್ದೇ ಇದೆ" ಎಂದುಬಿಟ್ಟರು. ಸಂಜೆ ಎಷ್ಟು ಜನ ಬಂದರು ಎಂದು ಕೇಳಬೇಡಿ. ಕಾಲು ನೋವಂತೆ.