ಗೋಡೆಯ ಮೇಲಿನ ಇದ್ದಿಲ ಗೆರೆಗಳು

ಸಾಸಲಿನ ನಮ್ಮ ಮನೆಗೆ ಯಾರೇ ಬಂದರೂ, "ಇದೇನು ಗೋಡೆ ಮೇಲೆ ಹೀಗೆ ಗೀಚಿದ್ದೀರಿ?" ಎಂದು ಕೇಳುತ್ತಾರೆ. ಇದ್ದಿಲಿನಲ್ಲಿ ಎಳೆದ 23 ಗೆರೆಗಳು. ಸುಣ್ಣ ಹೊಡೆಸುವಾಗಲೂ ಆ ಜಾಗ ಬಿಡಿಸಿದ್ದೇನೆ.

ಮೂರು ವರ್ಷದ ಹಿಂದೆ ನನಗೆ ಸ್ತನ ಕ್ಯಾನ್ಸರ್ ಬಂತು. ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಯಲ್ಲಿ ಆಪರೇಷನ್ ಆಯಿತು. ಮನೆಗೆ ಬಂದ ಮೇಲೆ ಎಡಗೈ ಮೇಲಕ್ಕೇ ಏಳದು. ತಲೆ ಬಾಚಲೂ ಸೊಸೆ ಬೇಕು. ನೋಡಲು ಬಂದವರೆಲ್ಲ, "ಕೈ ಅಲ್ಲಾಡಿಸಬೇಡಿ, ಸುಮ್ಮನೆ ಮಲಗಿರಿ" ಎಂದರು. ಹೆದರಿದ್ದ ನನಗೂ ಅದೇ ಹಿತವಾಗಿತ್ತು.

ಆದರೆ ಫಿಸಿಯೋಥೆರಪಿಸ್ಟ್ ಬೇರೆಯೇ ಹೇಳಿದ್ದರು. ಕೈ ಹಾಗೇ ಬಿಟ್ಟರೆ ಭುಜ ಬಿಗಿದುಕೊಳ್ಳುತ್ತದೆ. ಗೋಡೆಗೆ ಎದುರಾಗಿ ನಿಂತು ಬೆರಳುಗಳನ್ನು ಜೇಡದ ಹಾಗೆ ಮೇಲಕ್ಕೆ ನಡೆಸಿ, ನೋವು ಹೆಚ್ಚಾದರೆ ನಿಲ್ಲಿಸಿ ಎಂದು ಚೀಟಿ ಬರೆದುಕೊಟ್ಟಿದ್ದರು. ನಾಲ್ಕನೇ ಕ್ಲಾಸಿನ ಮೊಮ್ಮಗಳು ಅದನ್ನು ಓದಿ, ಒಲೆಯಿಂದ ಇದ್ದಿಲು ತಂದಳು. "ಅಜ್ಜಿ, ಏಳು. ನಾನು ಗುರುತು ಹಾಕ್ತೀನಿ."

ಮೊದಲ ದಿನ ಬೆರಳು ಗಲ್ಲದ ಮಟ್ಟಕ್ಕೇ ನಿಂತಿತು. ಕಣ್ಣಲ್ಲಿ ನೀರು. ಅವಳು ಗೆರೆ ಎಳೆದು, "ಇದಕ್ಕಿಂತ ಒಂದು ಬೆರಳು ಮೇಲೆ ಹೋದರೆ ಇನ್ನೊಂದು ಗೆರೆ" ಎಂದಳು, ಥೇಟ್ ಮೇಷ್ಟ್ರ ಹಾಗೆ.

ಕೀಮೋ ಆದ ವಾರ ಗೋಡೆಯ ಹತ್ತಿರವೂ ಹೋಗಲಿಲ್ಲ. ಆಗ ಅವಳು ಮೆಲ್ಲಗೆ ಕೇಳಿದಳು: "ಅಜ್ಜಿ, ನೀನು ಸತ್ತು ಹೋಗ್ತೀಯಾ?" ಸುಳ್ಳು ಹೇಳಲು ಬಾಯಿ ಬರಲಿಲ್ಲ. "ಗೊತ್ತಿಲ್ಲ ಕಂದ. ಇವತ್ತು ಬಾಗಿಲ ತನಕ ನಡೆಯೋಣ ಬಾ" ಎಂದೆ. ಮರುದಿನ ಬೀದಿಯ ಕೊನೆ. ಕೆಲವು ತಿಂಗಳಲ್ಲಿ ರಾಗಿ ಹೊಲದ ಬದು.

ಇದು ನನ್ನೊಬ್ಬಳ ಅನುಭವವಲ್ಲ. ಜಿಗಣಿ ಬಳಿಯ ಎಸ್-ವ್ಯಾಸ ಯೋಗ ಸಂಸ್ಥೆಯವರು ಸ್ತನ ಕ್ಯಾನ್ಸರ್‌ಗೆ ಕೀಮೋ ಪಡೆಯುತ್ತಿದ್ದ ಹೆಂಗಸರಿಗೆ ಯೋಗ ಕಲಿಸಿದರು. ಅವರಲ್ಲಿ ವಾಕರಿಕೆ ಕಡಿಮೆಯಾಯಿತೆಂದು 2007ರಲ್ಲಿ ವರದಿ ಮಾಡಿದರು. ಕೆನಡಾ, ಆಸ್ಟ್ರೇಲಿಯಾ ಮೊದಲಾದ ದೇಶಗಳಲ್ಲಿ ದೊಡ್ಡ ಕರುಳಿನ ಕ್ಯಾನ್ಸರ್‌ಗೆ ಆಪರೇಷನ್, ಕೀಮೋ ಮುಗಿಸಿದ 889 ಮಂದಿಯನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಮೂರು ವರ್ಷ ವ್ಯಾಯಾಮದ ತರಬೇತಿ, ಇನ್ನೊಂದಕ್ಕೆ ಆರೋಗ್ಯದ ಪುಸ್ತಕ ಮಾತ್ರ. ಫಲಿತಾಂಶ 2025ರಲ್ಲಿ ಬಂತು. ಎಂಟು ವರ್ಷದ ಲೆಕ್ಕದಲ್ಲಿ, ವ್ಯಾಯಾಮದ ಗುಂಪಿನಲ್ಲಿ ಬದುಕುಳಿದವರು ನೂರಕ್ಕೆ ಸುಮಾರು 90, ಇನ್ನೊಂದರಲ್ಲಿ 83. ಬಿರುಸಾಗಿ ನಡೆಯುವುದೂ ಆ ವ್ಯಾಯಾಮದಲ್ಲಿ ಸೇರಿತ್ತು. ಹಾಗೆಂದು ವ್ಯಾಯಾಮ ಮಾತ್ರೆ, ಇಂಜೆಕ್ಷನ್‌ಗಳಿಗೆ ಬದಲಿಯಲ್ಲ, ಅವುಗಳ ಜೊತೆಗಾರ. ಯಾರಿಗೆ ಎಷ್ಟು ಎಂಬುದನ್ನು ಡಾಕ್ಟರೇ ಹೇಳಬೇಕು.

ಇಪ್ಪತ್ತಮೂರನೆಯ ಗೆರೆ ಮೊಮ್ಮಗಳಿಗೆ ಎಟುಕಲಿಲ್ಲ. ಸ್ಟೂಲ್ ಹತ್ತಿ ಎಳೆದಳು. ಅವತ್ತೇ ನಾನು ಅಟ್ಟದ ಮೇಲಿನ ಚಕ್ಕುಲಿ ಡಬ್ಬಿಯನ್ನು ಎರಡೂ ಕೈಯಲ್ಲಿ ಇಳಿಸಿದೆ. ಅರ್ಧ ಡಬ್ಬಿ ಅವಳೇ ಖಾಲಿ ಮಾಡಿದಳು!

ತಪಾಸಣೆಯ ಹಿಂದಿನ ರಾತ್ರಿ ಈಗಲೂ ನಿದ್ದೆ ಹತ್ತುವುದಿಲ್ಲ. ಆದರೂ ಬೆಳಗಾದರೆ ಚಪ್ಪಲಿ ಮೆಟ್ಟಿ ಬಾಗಿಲಲ್ಲಿ ನಿಲ್ಲುತ್ತೇನೆ. ಮಕ್ಕಳೇ, ನಿಮ್ಮ ಮನೆಯಲ್ಲೂ ಕಾಯಿಲೆಯಿಂದ ಎದ್ದ ಅಜ್ಜ-ಅಜ್ಜಿ ಇದ್ದರೆ, "ಬಾ, ಬೀದಿ ಕೊನೆ ತನಕ ಹೋಗಿ ಬರೋಣ" ಎಂದು ಕರೆಯಿರಿ. ಒಬ್ಬಳೇ ಆಗಿದ್ದರೆ ನಾನಂತೂ ಏಳುತ್ತಿರಲಿಲ್ಲ.