ತಲೆದಿಂಬಿನ ಎತ್ತರ

ಫೆಬ್ರುವರಿಯ ಒಂದು ನಸುಕು. ಶಿರಹಟ್ಟಿ ತಾಲ್ಲೂಕಿನ ಮಾಗಡಿ ಕೆರೆಯ ದಂಡೆಯಲ್ಲಿ ಅಸುಂಡಿಯ ಮಾಸ್ತರರು ಕಿವಿಗೆ ಮಫ್ಲರ್ ಸುತ್ತಿಕೊಂಡು ನಿಂತಿದ್ದರು. ಶೇಂಗಾ, ಕಡಲೆ ಹೊಲಗಳಲ್ಲಿ ಮೇಯ್ದ ಪಟ್ಟೆತಲೆ ಹೆಬ್ಬಾತುಗಳು ಸಾಲುಸಾಲಾಗಿ ಬಂದು ನೀರಿಗೆ ಇಳಿಯುತ್ತಿದ್ದವು. ಬಿಳಿ ತಲೆಯ ಹಿಂಬದಿಗೆ ಎರಡು ಕಪ್ಪು ಪಟ್ಟೆ. ಯಾರೋ ಮಸಿಯಲ್ಲಿ ಬೆರಳದ್ದಿ ಎಳೆದಂತೆ. ಆ ಹೊತ್ತಿಗೇ ಬೆಂಗಳೂರಿನಿಂದ ಅಕ್ಕನ ಮಗನ ಫೋನು ಬಂತು.

“ಮಾಮಾ, ಲಡಾಖ್ ಪ್ಲ್ಯಾನ್ ಕಳಿಸೇನಿ, ನೋಡ್ರಿ. ಆರ ದಿನದಾಗ ಎಲ್ಲಾ ಮುಗೀತೈತಿ.”

“ಮುಗಸಾಕ ಅದೇನ ಸಾಲ ಏನಪಾ?” ಎಂದರು ಮಾಸ್ತರರು. ಆಮೇಲೆ ಹಕ್ಕಿಗಳ ಕಡೆ ಅವರಿಗೆ ಗಮನ ಕೊಡಲಾಗಲಿಲ್ಲ.

ಅವರಿಗೆ ಪ್ರವಾಸದಷ್ಟೇ ಅದನ್ನು ಹೊಂದಿಸುವುದೂ ರುಚಿ. ಅಸುಂಡಿಯ ಮನೆಯ ಪಡಸಾಲೆಯಲ್ಲಿ ನಕ್ಷೆ ಹಾಸಿಕೊಂಡು ಕೂತರೆ ಚಹಾ ಆರಿದ್ದೂ ತಿಳಿಯುವುದಿಲ್ಲ. ಅವರ ವಹಿಯಲ್ಲಿ ಪ್ರತಿ ಪುಟಕ್ಕೂ ಎರಡೇ ಕಾಲಂ: ಎಡಕ್ಕೆ ರಾತ್ರಿ ತಂಗುವ ಊರು, ಬಲಕ್ಕೆ ಆ ಊರಿನ ಎತ್ತರ. ಬಲಗಡೆಯ ಕಾಲಮ್ಮಿಗೆ ಅವರೇ ಇಟ್ಟ ಹೆಸರು ‘ತಲೆದಿಂಬಿನ ಎತ್ತರ’. ಹಗಲಲ್ಲಿ ಒಂದಿಷ್ಟು ಮೇಲೆ ಹತ್ತಿ ಇಳಿದರೂ ನಡೆದೀತು, ರಾತ್ರಿ ತಲೆ ಎಲ್ಲಿ ಒರಗುತ್ತದೆ ಎಂಬುದೇ ಲೆಕ್ಕ. ಮೂರು ಸಾವಿರ ಮೀಟರಿನ ಮೇಲೆ ದಿನಕ್ಕೆ 500 ಮೀಟರಿಗಿಂತ ಹೆಚ್ಚು ಎತ್ತರಕ್ಕೆ ಹಾಸಿಗೆ ಒಯ್ಯಬಾರದು ಎನ್ನುತ್ತಾರೆ ಪರ್ವತ ವೈದ್ಯರು. ಗದಗ ಸೀಮೆ ಇರುವುದು 650 ಮೀಟರಿನ ಆಸುಪಾಸಿನಲ್ಲಿ. ಈ ಎರಿಭೂಮಿಯ ಗಾಳಿ ಕುಡಿದು ಬೆಳೆದ ಮೈಯನ್ನು ವಿಮಾನದಲ್ಲಿ 3,500 ಮೀಟರಿನ ಲೇಹ್‌ನಲ್ಲಿ ಇಳಿಸಿ, ಮರುದಿನವೇ ಖರ್ದುಂಗ್ ಲಾ ದಾಟಿಸಿ ನುಬ್ರಾಕ್ಕೆ ಒಯ್ದು, ಮೂರನೆಯ ದಿನ ಪ್ಯಾಂಗಾಂಗ್ ದಂಡೆಯಲ್ಲಿ ಮಲಗಿಸುವುದು ಅಳಿಯನ ಯೋಜನೆಯಾಗಿತ್ತು.

ಮಾಸ್ತರರ ಮೆಚ್ಚಿನ ದಾರಿಯೇ ಬೇರೆ. ಲೇಹ್‌ನಲ್ಲಿ ಪೂರ್ತಿ ಎರಡು ದಿನ ಏನೂ ಮಾಡದೆ ಇರುವುದು. ಮೂರನೆಯ ದಿನ ಸಿಂಧೂ ನದಿಯ ಗುಂಟ ಉಪ್ಶಿ ದಾಟಿ ಆಗ್ನೇಯಕ್ಕೆ ಹೋದರೆ, ಲೇಹ್‌ನಿಂದ ಸುಮಾರು 138 ಕಿ.ಮೀ. ದೂರದಲ್ಲಿ ನದಿಯ ದಡದಲ್ಲೇ ಚುಮಾಥಾಂಗ್. ಕಲ್ಲಿನ ಸಂದಿಯಿಂದ ಹೊಗೆಯಾಡುವ ನೀರು, ಅದರ ಪಕ್ಕದಲ್ಲೇ ಕೈಯಿಟ್ಟರೆ ಬೆರಳು ಮರಗಟ್ಟಿಸುವ ಸಿಂಧೂ. ಬಿಸಿನೀರನ್ನು ಸ್ನಾನದ ಕೋಣೆಗಳಿಗೆ ಹಾಯಿಸಿದ್ದಾರೆ; ಕೀಲುನೋವಿನವರು ಹುಡುಕಿಕೊಂಡು ಬರುತ್ತಾರೆ. ಹೆಚ್ಚಿನ ಪ್ರವಾಸಿಗಳು ಇಲ್ಲಿ ಗಾಡಿ ನಿಲ್ಲಿಸಿ, ಫೋಟೋ ತೆಗೆದು, ಮ್ಯಾಗಿ ತಿಂದು ಮುಂದೆ ಹೋಗಿಬಿಡುತ್ತಾರೆ. ಮಾಸ್ತರರು ಮಾತ್ರ ಅಲ್ಲಿ ರಾತ್ರಿ ತಂಗಲೇಬೇಕು ಎನ್ನುತ್ತಾರೆ. ಚುಮಾಥಾಂಗ್‌ನ ಎತ್ತರ ಸುಮಾರು 4,000 ಮೀಟರ್. ಅದರ ಮುಂದಿನ ತ್ಸೋ ಮೊರಿರಿ ಸರೋವರ 4,500ಕ್ಕೂ ಮೇಲಿದೆ. ಲೇಹ್, ಚುಮಾಥಾಂಗ್, ಸರೋವರ: ಐನೂರು ಐನೂರು ಮೀಟರಿನ ಎರಡು ಮೆಟ್ಟಿಲು. ಭೂಮಿಯೇ ನಡುವಿನ ಮೆಟ್ಟಿಲಿನಲ್ಲಿ ನೀರು ಕಾಯಿಸಿಟ್ಟಿರುವಾಗ ಅದನ್ನು ಹಾರಿ ಹೋಗುವವರನ್ನು ಕಂಡರೆ ಅವರಿಗೆ ತಾಳಲಾಗುವುದಿಲ್ಲ.

ಈ ಹಟಕ್ಕೆ ಕಾರಣವಿದೆ. ಮೊದಲ ಸಲ ಅವರು ಹೋದದ್ದು ಒಂದು ಪ್ರವಾಸ ಕಂಪನಿಯ ಜೊತೆ. ಆ ಗಾಡಿ ಚುಮಾಥಾಂಗ್‌ನಲ್ಲಿ ನಿಂತದ್ದು ಇಪ್ಪತ್ತೇ ನಿಮಿಷ. ಅದೇ ಸಂಜೆ ಸರೋವರದ ದಂಡೆಯ ಹಳ್ಳಿ ಕೊರ್ಜೋಕ್‌ಗೆ ಮುಟ್ಟಿದರು. ಮಾಸ್ತರರ ಮೈದುನನಿಗೆ ತಲೆ ಸಿಡಿಯತೊಡಗಿತು, ಆಮೇಲೆ ವಾಂತಿ, ನಡುರಾತ್ರಿಗೆ ಮಾತು ತೊದಲಿತು. ಕತ್ತಲಲ್ಲೇ ಗಾಡಿ ತಿರುಗಿಸಿ ಅವನನ್ನು ಕೆಳಗಿಳಿಸಬೇಕಾಯಿತು. ಇಳಿದಂತೆಲ್ಲ ಅವನು ಚೇತರಿಸಿಕೊಂಡ. ಆ ರಾತ್ರಿ ಹಿಂದಿನ ಸೀಟಿನಲ್ಲಿ ಮೈದುನನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ ಮಾಸ್ತರರು ಊರಿಗೆ ಮರಳಿದ ವಾರದಲ್ಲೇ ಎರಡು ಕಾಲಮ್ಮಿನ ವಹಿ ಶುರು ಮಾಡಿದರು.

ಬಿಸಿನೀರಿನ ವಿಷಯ ಬಂದರೆ ಅವರ ಮಾತು ಕರಾವಳಿಗೂ ಹರಿಯುತ್ತದೆ. ಪುತ್ತೂರು ತಾಲ್ಲೂಕಿನ ಇರ್ದೆಯಲ್ಲಿ ಬೆಂದ್ರ್ ತೀರ್ಥವಿದೆ. ತುಳುವಿನಲ್ಲಿ ಬೆಂದ್ರ್ ಎಂದರೇ ಬಿಸಿನೀರು. ಹೊಳೆಯ ಬದಿಯ ಕೊಳ, ಮೈಗೆ ಹಿತವಾದ ಬಿಸುಪು, ಗಂಧಕದ ವಾಸನೆ. ಚುಮಾಥಾಂಗ್‌ನಿಂದ ಸಿಂಧೂ ಗುಂಟ ಮುಂದೆ ಹೋಗಿ, ಮಾಹೆ ಸೇತುವೆ ದಾಟಿ, ಸುಮ್ದೋದಿಂದ ಒಳಹೊಕ್ಕರೆ ಸಿಗುವ ಪುಗಾ ಕಣಿವೆ ಇನ್ನೊಂದು ತರಹದ್ದು. ಅಲ್ಲಿ ನೀರು 84 ಡಿಗ್ರಿಯವರೆಗೂ ಕಾದು ಚಿಮ್ಮುತ್ತದೆ, ನೆಲದ ಮೇಲೆ ಬಿಳಿಗಾರ ಹೆಪ್ಪುಗಟ್ಟಿರುತ್ತದೆ. ಅಷ್ಟು ಎತ್ತರದಲ್ಲಿ ನೀರು ಕುದಿಯುವುದೇ 85 ಡಿಗ್ರಿಯ ಆಸುಪಾಸಿನಲ್ಲಿ, ಅಂದರೆ ಪುಗಾದ ನೀರು ನೆಲದಿಂದ ಕುದಿಯುತ್ತಲೇ ಹೊರಬರುತ್ತದೆ. ಈ ಬಿಸಿಯಿಂದ ಮೊದಲ ಹಂತದಲ್ಲಿ ಒಂದು ಮೆಗಾವ್ಯಾಟ್ ವಿದ್ಯುತ್ ತೆಗೆಯಲು 2021ರಲ್ಲಿ ಒಎನ್‌ಜಿಸಿ ಲಡಾಖ್ ಆಡಳಿತದ ಜೊತೆ ಒಪ್ಪಂದ ಮಾಡಿಕೊಂಡಿತು.

ಅಡಿಗೆಯ ಪ್ರಶ್ನೆ ಹುಟ್ಟುವುದೂ ಇಲ್ಲಿಯೇ. 85 ಡಿಗ್ರಿಗೆ ಕುದಿಯುವ ನೀರಿನಲ್ಲಿ ಬೇಳೆ ಮೆತ್ತಗಾಗಲು ಬಹಳ ಹೊತ್ತು ಹಿಡಿಯುತ್ತದೆ. ಕುಕ್ಕರ್ ಇಲ್ಲದೆ ಅಲ್ಲಿ ಗುಡಾರ ಹಾಕುವವರ ಜೊತೆ ಮಾಸ್ತರರು ವಾದ ಮಾಡುವುದನ್ನೂ ಬಿಟ್ಟಿದ್ದಾರೆ. ಅವರ ಬುತ್ತಿ ಅಸುಂಡಿಯಲ್ಲೇ ಬೆಂದು ಸಿದ್ಧವಾಗುತ್ತದೆ: ತೆಳ್ಳಗೆ ಬಡಿದು ಒಣಗಿಸಿದ ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ, ಗುರೆಳ್ಳು ಚಟ್ನಿ, ಮಾದಲಿ. ಖಡಕ್ ರೊಟ್ಟಿಗೆ ಮತ್ತೆ ಒಲೆ ಬೇಡ, ವಾರಗಟ್ಟಲೆ ಕೆಡುವುದಿಲ್ಲ, ಲಡಾಖ್‌ನ ಒಣಗಾಳಿಯಲ್ಲಿ ಮೆತ್ತಗಾಗುವುದೂ ಇಲ್ಲ. ಅದನ್ನು ಅಗಲವಾದ ಸ್ಟೀಲ್ ಡಬ್ಬಿಯಲ್ಲಿ, ನಡುನಡುವೆ ಹಳೆಯ ಸೀರೆಯ ತುಂಡು ಹಾಸಿ ಕಟ್ಟಬೇಕು. ಚೀಲಕ್ಕೆ ಹಾಕಿದರೆ ಮುಟ್ಟುವಷ್ಟರಲ್ಲಿ ಪುಡಿ. ಪ್ಯಾಕೆಟ್ ನೂಡಲ್ಸ್ ನಂಬಿ ಹೊರಡುವವರಿಗೆ ಇದನ್ನು ಹೇಳಿ ಹೇಳಿ ಅವರಿಗೆ ಸಾಕಾಗಿದೆ. ಒಮ್ಮೆ ಸರೋವರದ ಹತ್ತಿರ ಎರಡು ರೊಟ್ಟಿ ಮುರಿದು ಮೊಸರಿನಲ್ಲಿ ನೆನೆಸಿ, ಮೇಲೆ ಶೇಂಗಾ ಚಟ್ನಿ ಉದುರಿಸಿ ಕೊಟ್ಟಾಗ ಲಡಾಖಿ ಚಾಲಕ ಮತ್ತೊಂದು ರೊಟ್ಟಿ ಕೇಳಿ ತಿಂದದ್ದನ್ನು ಇವತ್ತಿಗೂ ಅವರು ಹಿಗ್ಗಿನಿಂದ ಹೇಳುತ್ತಾರೆ.

ಅಳಿಯ ಕಳಿಸಿದ ಪ್ಲ್ಯಾನಿನ ಕೊನೆಯಲ್ಲಿ ಒಂದು ಸಾಲಿತ್ತು: ತ್ಸೋ ಮೊರಿರಿಯಲ್ಲಿ ಗುಡಾರ ನೀರಿನ ಅಂಚಿಗೇ ಬೇಕು, ಬೆಳಿಗ್ಗೆ ಜಿಪ್ ಎಳೆದರೆ ಸರೋವರ ಕಾಣಬೇಕು. ಅದನ್ನು ಓದಿದ ಮಾಸ್ತರರಿಗೆ ನಿಜಕ್ಕೂ ಸಿಟ್ಟು ಬಂತು.

ತ್ಸೋ ಮೊರಿರಿ 120 ಚದರ ಕಿ.ಮೀ. ಹರಡಿದೆ. ಹೊರಹರಿವಿಲ್ಲದ ಉಪ್ಪುಪ್ಪು ನೀರು. 2002ರಿಂದ ಅದು ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶಗಳ ರಾಮ್ಸರ್ ಪಟ್ಟಿಯಲ್ಲಿದೆ. ಭಾರತದಲ್ಲಿ ಪಟ್ಟೆತಲೆ ಹೆಬ್ಬಾತು ಮೊಟ್ಟೆಯಿಡುವುದು ಲಡಾಖ್‌ನ ಇಂಥ ಎತ್ತರದ ಸರೋವರಗಳಲ್ಲಿ ಮಾತ್ರ. ನಡುಗಡ್ಡೆಗಳಲ್ಲಿ, ಜೌಗಿನ ಅಂಚಿನಲ್ಲಿ ನೆಲಕ್ಕೇ ಗೂಡು ಕಟ್ಟಿ ಹೆಣ್ಣು ಸುಮಾರು ನಾಲ್ಕು ವಾರ ಕಾವು ಕೂರುತ್ತದೆ. ಜುಲೈ ಹೊತ್ತಿಗೆ ಮರಿಗಳು ನೀರಿಗಿಳಿಯುತ್ತವೆ. ಅದೇ ಹೊತ್ತಿಗೆ ಮನುಷ್ಯ ಗುಡಾರ, ದೀಪ, ಸ್ಪೀಕರು ಹಿಡಿದು ದಂಡೆಗೆ ಬರುತ್ತಾನೆ. ಅವನು ಬಿಸಾಡಿದ ಅನ್ನ ತಿಂದು ಬೆಳೆದ ನಾಯಿಗಳು ಚಳಿಗಾಲಕ್ಕೂ ಅಲ್ಲೇ ಉಳಿದು, ಮುಂದಿನ ವರ್ಷ ಮೊಟ್ಟೆ, ಮರಿಗಳಿಗೆ ಬಾಯಿ ಹಾಕುತ್ತವೆ. ದಂಡೆಯ ಮೇಲೆ ಬಿಡಾರ ಹೂಡುವುದಕ್ಕೆ ನಿಷೇಧ ಬಂದದ್ದು ಸುಮ್ಮನೆ ಅಲ್ಲ. ಕೊರ್ಜೋಕ್ ಹಳ್ಳಿಯ ಮನೆಯೊಂದರಲ್ಲಿ ಕೋಣೆ ಹಿಡಿದರೆ ಕಿಟಕಿಯಿಂದ ಅದೇ ನೀರು ಕಾಣುತ್ತದೆ, ರಾತ್ರಿ ಬೆಚ್ಚಗಿನ ಒಲೆಯೂ ಇರುತ್ತದೆ. ಇಷ್ಟಿದ್ದೂ ನೀರಿನ ಅಂಚೇ ಬೇಕೆನ್ನುವವರ ಹಟ ಅವರಿಗೆ ಅರ್ಥವಾಗಿಲ್ಲ.

ಮಾಗಡಿಯಲ್ಲೂ ಅವರು ಇದನ್ನೇ ನೋಡಿದ್ದಾರೆ. 134 ಎಕರೆಯ ಈ ಸಣ್ಣ ಕೆರೆ 2024ರ ಜನವರಿಯಲ್ಲಿ ರಾಮ್ಸರ್ ಪಟ್ಟಿ ಸೇರಿತು. ಆಮೇಲೆ ಮೊಬೈಲ್ ಹಿಡಿದು ನೀರಿಗೇ ಇಳಿದು ಹಕ್ಕಿ ಎಬ್ಬಿಸುವವರಿಗೆ ಅವರು ಎಷ್ಟೋ ಸಲ ಕೈಮುಗಿದು ಹೇಳಿದ್ದಾರೆ: “ಅಲ್ರೀ, ಅವು ಮಂಗೋಲಿಯಾದಿಂದ, ಟಿಬೆಟ್‌ನಿಂದ ಹಿಮಾಲಯ ದಾಟಿ ಬಂದಾವ್ರಿ. ಕೂಡ್ರಾಕ ಬಿಡ್ರಿ.” ಮಂಗೋಲಿಯಾದಲ್ಲಿ ಕೊರಳಿಗೆ ಪಟ್ಟಿ ತೊಡಿಸಿದ ಹೆಬ್ಬಾತು ಮೈಸೂರು ಬಳಿಯ ಹದಿನಾರು ಎಂಬ ಊರಿನ ಕೆರೆಯಲ್ಲಿ ಕಾಣಿಸಿಕೊಂಡದ್ದಿದೆ. ಉಪಗ್ರಹದ ಜಾಡಿನಲ್ಲಿ ಈ ಜಾತಿ 7,290 ಮೀಟರಿನವರೆಗೆ ಹಾರಿದ್ದು ದಾಖಲಾಗಿದೆ. ದೊಡ್ಡ ಶ್ವಾಸಕೋಶ, ತೆಳು ಗಾಳಿಯಲ್ಲೂ ಆಮ್ಲಜನಕವನ್ನು ಬಿಗಿಯಾಗಿ ಹಿಡಿಯುವ ರಕ್ತ. ಮನುಷ್ಯನ ರಕ್ತಕ್ಕೆ ಆ ಬಲವಿಲ್ಲ, ಅದಕ್ಕೇ ಮೆಟ್ಟಿಲು ಬೇಕು.

ಎರಡು ವಾರ ಫೋನು ಓಡಾಡಿತು. ಆರು ದಿನ ಎಂಟಾಯಿತು, ಎಂಟು ಹತ್ತಾಯಿತು. ನುಬ್ರಾ ಹೋಯಿತು, ಪ್ಯಾಂಗಾಂಗ್ ಹೋಯಿತು. ಮಾರ್ಚ್ ನಡುವಿಗೆ ಮಾಸ್ತರರು ಮತ್ತೆ ಮಾಗಡಿಗೆ ಹೋದಾಗ ನೀರಿನ ಮೇಲೆ ಹತ್ತಿಪ್ಪತ್ತು ಹೆಬ್ಬಾತು ಮಾತ್ರ ಉಳಿದಿದ್ದವು. ದಂಡೆಯಲ್ಲಿ ಕೂತು ವಹಿಯಲ್ಲಿ ತಾರೀಖು ಬರೆಯುತ್ತಿರುವಾಗ ಅಳಿಯನ ಫೋನು.

“ಮಾಮಾ, ಜುಲೈಕ್ಕ ಟಿಕೆಟ್ ಆತು. ಚುಮಾಥಾಂಗ್‌ದಾಗ ಒಂದ ರಾತ್ರಿ ಹಿಡದೇನ್ರಿ.”

“ಎರಡ ಮಾಡು. ಮತ್ತ ಕುಕ್ಕರ್ ಯಾರ ತರ್ತಾರ?”