ಕುಸುಬಿ ಮತ್ತು ಸೂರ್ಯಕಾಂತಿ

ಎಣ್ಣೆಯಿಲ್ಲದೆ ಒಗ್ಗರಣೆಯಿಲ್ಲ, ಒಗ್ಗರಣೆಯಿಲ್ಲದ ಸಾರು ಸಾರೇ ಅಲ್ಲ. ಆದರೂ ಒಲೆಯ ಮೇಲೆ ಚಿಟಪಟಗುಟ್ಟುವ ಎಣ್ಣೆ ಯಾವ ತಳಿಯದು, ಯಾವ ಹಂಗಾಮಿನದು ಎಂದು ವಿಚಾರಿಸುವವರು ವಿರಳ.

ಬೀದರ ನಗರವಿರುವುದು ಕೆಂಪು ಜಂಬಿಟ್ಟಿಗೆಯ ಪ್ರಸ್ಥಭೂಮಿಯ ಮೇಲೆ. ಅಲ್ಲಿಂದಿಳಿದು ಭಾಲ್ಕಿ, ಔರಾದಗಳತ್ತ ಹೊರಟರೆ ಕಪ್ಪು ಎರೆಭೂಮಿ ಎದುರಾಗುತ್ತದೆ. ಈ ಎರೆಯಲ್ಲಿ ಹಿಂಗಾರಿ ಜೋಳದೊಡನೆ ಕುಸುಬಿ ಬಿತ್ತುವುದು ಹಿರಿಯರ ರೂಢಿ. ಹೊಲದಂಚಿಗೆ ಅದರ ಸಾಲಿದ್ದರೆ ಮುಳ್ಳಿಗೆ ಹೆದರಿ ದನಗಳು ಒಳನುಗ್ಗವು. ಎಳೆಯ ಎಲೆ ಪಲ್ಯಕ್ಕೆ, ಬೀಜ ಗಾಣಕ್ಕೆ. ಸೂರ್ಯಕಾಂತಿಯಾದರೋ ಹೊಸ ನೆಂಟ. 1970ರ ದಶಕದಲ್ಲಿ ರಶಿಯದ ತಳಿಗಳೊಡನೆ ನಮ್ಮ ದೇಶದ ಹೊಲಗಳಲ್ಲಿ ಹಬ್ಬಿತು. 1980ರಲ್ಲಿ ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯವು ಬಿ.ಎಸ್.ಎಚ್.-1 ಎಂಬ ಸಂಕರ ತಳಿಯನ್ನು ಹೊರತಂದಿತು.

ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿಗ. ಇದರಿಂದೊಂದು ತೊಡಕುಂಟು: ಲೋಕದ ಪ್ರಶ್ನೆಗಳೆಲ್ಲ ನನ್ನ ಪಾಲಿಗೇ! ಅವ್ವನ ಹೃದಯ ದುರ್ಬಲವಾಗಿದೆ, ಎಣ್ಣೆಯ ವಿಷಯದಲ್ಲಿ ಎಚ್ಚರವಿರಲಿ ಎಂದು ವೈದ್ಯರು ಹೇಳಿದಾಗ ಅಪ್ಪ, “ಇಷ್ಟು ಓದೀದಿ, ಈ ಎರಡು ಎಣ್ಣಿಗೆ ಏನ್ ಫರಕ್ ಅದ ಹೇಳು” ಎಂದರು. ನನ್ನದು ಇತಿಹಾಸ, ಅರ್ಥಶಾಸ್ತ್ರಗಳ ವ್ಯಾಸಂಗ. ಆದರೂ ಗ್ರಂಥಾಲಯದತ್ತ ನಡೆದೆ.

ತಿಳಿದುದಿಷ್ಟು. ಬೀಜವು ಮೊದಲು ಓಲಿಯಿಕ್ ಎಂಬ ಕೊಬ್ಬಿನ ಆಮ್ಲವನ್ನು ಕಟ್ಟುತ್ತದೆ; ಬಳಿಕ ಒಂದು ಕಿಣ್ವವು ಅದನ್ನು ಲಿನೋಲಿಯಿಕ್ ಆಮ್ಲವಾಗಿ ಮಾರ್ಪಡಿಸುತ್ತದೆ. ಸೂರ್ಯಕಾಂತಿಯಲ್ಲಿ ಈ ಕಿಣ್ವ ಸೆಕೆಗೆ ಸೋಲುತ್ತದೆ. ಕಾಳು ತುಂಬುವಾಗ, ಅದರಲ್ಲೂ ರಾತ್ರಿಯ ವೇಳೆ, ಚಳಿಯಿದ್ದರೆ ಲಿನೋಲಿಯಿಕ್ ಹೆಚ್ಚು. ಬೇಗೆಯಿದ್ದರೆ ಓಲಿಯಿಕ್ ಹೆಚ್ಚು. ಒಂದೇ ಚೀಲದ ಬೀಜವನ್ನು ಹಿಂಗಾರಿಗೂ ಬೇಸಗೆಗೂ ಬಿತ್ತಿದರೆ ಎರಡು ಬಗೆಯ ಎಣ್ಣೆ! ಸಾಮಾನ್ಯ ಸೂರ್ಯಕಾಂತಿ ಎಣ್ಣೆಯಲ್ಲಿ ಲಿನೋಲಿಯಿಕ್ ನೂರಕ್ಕೆ ಸುಮಾರು 48ರಿಂದ 74ರವರೆಗೆ ಏರಿಳಿಯುವುದಕ್ಕೆ ತಳಿಯೊಡನೆ ಇದೂ ಕಾರಣ. ಕುಸುಬಿಯ ಸ್ವಭಾವ ಬೇರೆ. ಹವೆ ಬದಲಾದರೂ ಅದರ ಸಾಮಾನ್ಯ ತಳಿಗಳಲ್ಲಿ ಹೆಚ್ಚುಕಡಿಮೆ ಮುಕ್ಕಾಲು ಪಾಲು ಲಿನೋಲಿಯಿಕ್ಕೇ. ಅದನ್ನು ಬದಲಿಸಬೇಕೆಂದರೆ ತಳಿಯನ್ನೇ ಬದಲಿಸಬೇಕು. ಸೂರ್ಯಕಾಂತಿಯಲ್ಲಿಯೂ ಬಿಸಿಲು ಚಳಿಗಳಿಗೆ ಅಷ್ಟಾಗಿ ಬಗ್ಗದ, ಓಲಿಯಿಕ್ ಮಿಗಿಲಾದ ತಳಿಗಳುಂಟು. 1976ರಲ್ಲಿ ರಶಿಯದ ಸೊಲ್ದಾತೊವ್ ಅವುಗಳಿಗೆ ದಾರಿ ತೆರೆದರು.

ತುಪ್ಪ, ವನಸ್ಪತಿಗಳ ಬದಲಿಗೆ ಮಿತವಾಗಿ ಬಳಸಿದರೆ ಎರಡೂ ಎಣ್ಣೆಗಳು ಹೃದಯಕ್ಕೆ ಹಿತ. ಆದರೆ ಲಿನೋಲಿಯಿಕ್ ಹೆಚ್ಚಿರುವ ಎಣ್ಣೆ ಬೇಗ ಕೆಡುತ್ತದೆ. ಕರಿದು ಉಳಿದುದನ್ನು ಮತ್ತೆ ಮತ್ತೆ ಕಾಯಿಸಬಾರದು. ಇದನ್ನು ಅಪ್ಪನಿಗೆ ವಿವರಿಸಿದಾಗ ಅವರು ಕೇಳಿದ್ದು ಒಂದೇ ಮಾತು: “ಪ್ಯಾಟ್ಯಾಗ ಇದಕ್ಕ ಹೆಚ್ಚು ರೊಕ್ಕ ಕೊಡ್ತಾರೇನು?”

ನಾನು ಕಂಡ ಪೇಟೆಯಲ್ಲಿ ತೂಕ, ತೇವ, ಕಸಗಳನ್ನು ನೋಡುತ್ತಾರೆಯೇ ಹೊರತು ಓಲಿಯಿಕ್ಕನ್ನು ಕೇಳುವವರಿಲ್ಲ. ಮುಳ್ಳಿನ ಕುಸುಬಿ ಕೊಯ್ಯಲು ಆಳು ಸಿಗುವುದೂ ಕಷ್ಟ. ಸೋಯಾ ಬಿತ್ತಿದರೆ ಕೈಗೆ ಬೇಗ ಹಣ. ಎಣ್ಣೆಯ ಗುಣವೆಲ್ಲ ಪಟ್ಟಣದ ಪೊಟ್ಟಣದ ಮೇಲೆ ಅಚ್ಚಾಗುತ್ತದೆ. ಅದನ್ನು ಬೆಳೆದವನ ಲೆಕ್ಕದಲ್ಲಿ ಅದಕ್ಕೆ ಕಾಸಿಲ್ಲ. ಗುಣಕ್ಕೆ ಬೆಲೆ ಕಟ್ಟುವ ಪೇಟೆ ಬರುವ ತನಕ ಮಾರಾಟಕ್ಕೆ ಸೋಯಾ, ಮನೆಯ ಗಾಣಕ್ಕೆ ಜೋಳದ ನಡುವೆ ನಾಲ್ಕು ಸಾಲು ಕುಸುಬಿ: ಅಪ್ಪ ಮಾಡಿದ ಈ ತೀರ್ಮಾನಕ್ಕೆ ನನ್ನ ಅರ್ಥಶಾಸ್ತ್ರ ಎದುರಾಡಲಿಲ್ಲ.